ಕಬ್ಬಿಣದ ಜಳಕದ ನೀರು

ವಾಚಕರು ಕ್ಷಮಿಸಬೇಕು. ಈ ಸಲದ ನಮ್ಮ ಮಾತು ಒಂದು ದುರ್ವಾಸನೆಯಿಂದ ಆರಂಭವಾಗುತ್ತದೆ. ಹಬ್ಬದ ಅಡಿಗೆ, ಊರಿನ ಜಾತ್ರೆ, ಸಂಘದ ನಾಟಕ ಇವನ್ನೆಲ್ಲ ಬಿಟ್ಟು ಇದೇನು ಬರೆಯಹೊರಟರು ಎಂದು ಮೂಗು ಮುಚ್ಚಿಕೊಳ್ಳುವವರು ಒಂದೆರಡು ನಿಮಿಷ ತಾಳಬೇಕು. ನಾವಂತೂ ಮೂರು ವಾರ ಮೂಗು ಮುಚ್ಚಿಕೊಂಡೇ ಸಂಸಾರ ನಡೆಸಿದ್ದೇವೆ.

ಪುಣೆಯ ಹೊರವಲಯದಲ್ಲಿ ನಾವಿರುವ ಸೊಸಾಯಿಟಿಯಲ್ಲಿ ಇನ್ನೂರಕ್ಕೆ ಮೇಲ್ಪಟ್ಟು ಮನೆಗಳು. ನಲ್ಲಿಯ ನೀರು ಸಾಲದು. ಬೇಸಿಗೆ ಬಂದಿತೆಂದರೆ ಟ್ಯಾಂಕರಿನ ದಾರಿ ಕಾಯಬೇಕು. ಆದುದರಿಂದ ಬಚ್ಚಲ ನೀರು, ಪಾತ್ರೆ ತೊಳೆದ ನೀರು, ಶೌಚದ ನೀರು ಎಲ್ಲವೂ ನೆಲಮಾಳಿಗೆಯ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿ ತಿಳಿಯಾಗಿ, ತೋಟಕ್ಕೂ ಶೌಚಾಲಯದ ತೊಟ್ಟಿಗೂ ಮರಳಿ ಬರುವ ಏರ್ಪಾಡುಂಟು. ಈ ಘಟಕಕ್ಕೆ ದಿನವೂ ಇಷ್ಟು ಔಷಧ ಬೇಕು. ನಮ್ಮಲ್ಲಿ ಉಪಯೋಗಿಸುತ್ತಿದ್ದುದು ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ದ್ರಾವಣ. ಅದರ ಬೆಲೆ ಏರುತ್ತ ಹೋಯಿತು. ಸಮಿತಿಯ ಸಭೆಯಲ್ಲಿ ಪ್ರತಿ ತಿಂಗಳೂ ಇದೇ ರಗಳೆ.

ಕಳೆದ ಬೇಸಿಗೆಯಲ್ಲಿ ಒಬ್ಬ ವ್ಯಾಪಾರಿ ಬಂದ. ‘ಅದೇ ಕಬ್ಬಿಣದ ದ್ರಾವಣ, ಕಾರ್ಖಾನೆಯಿಂದ ನೇರವಾಗಿ ಬಂದ ಮಾಲು, ಅರ್ಧ ಬೆಲೆ’ ಎಂದ. ಆರು ಪೀಪಾಯಿ ಇಳಿಸಿದ. ಪೀಪಾಯಿಯ ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಖರೀದಿಯ ಕಾಗದಕ್ಕೆ ಸಹಿ ಹಾಕಿದ ಮೂವರಲ್ಲಿ ನಾವೂ ಒಬ್ಬರು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮೂರನೆಯ ದಿನಕ್ಕೆ ಘಟಕದ ನೀರು ಬೂದಿಯ ಬಣ್ಣಕ್ಕೆ ತಿರುಗಿತು. ಐದನೆಯ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಲಿಫ್ಟಿನಲ್ಲಿ ಏಳನೆಯ ಮಹಡಿಯವರೆಗೂ ಪ್ರಯಾಣ ಬೆಳೆಸಿತು. ತೋಟದ ದಾಸವಾಳದ ಎಲೆಗಳು ಅಂಚಿನಿಂದ ಸುಟ್ಟಂತಾದವು. ಘಟಕ ನೋಡಿಕೊಳ್ಳುವ ಹುಡುಗ ಒಳ್ಳೆಯವನು. ಮೂರು ಪೀಪಾಯಿ ಮುಗಿಯುವ ಹೊತ್ತಿಗೆ ತನ್ನ ಮೇಲೆ ಅಪವಾದ ಬರುವುದೆಂದು ಹೆದರಿ ತಾನಾಗಿಯೇ ಬಂದು ಹೇಳಿದ: ‘ಸಾಹೇಬರೆ, ಒಳಗಿನ ಕ್ರಿಮಿಗಳು ಸತ್ತುಹೋಗಿವೆ.’

ಕ್ರಿಮಿಗಳು ಸತ್ತರೆ ಒಳ್ಳೆಯದೇ ಅಲ್ಲವೆ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಒಳ್ಳೆಯದಲ್ಲ. ಇಂಥ ಘಟಕದಲ್ಲಿ ಕೊಳೆಯನ್ನು ತಿಂದು ತೇಗುವವು ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳೇ. ಅವಕ್ಕೆ ಉಸಿರಾಡಲೆಂದು ರಾತ್ರಿಹಗಲು ಗಾಳಿ ಊದುತ್ತಾರೆ. ಅವು ಸತ್ತರೆ ಘಟಕವೆಂಬುದು ಬರಿಯ ಕೊಳೆಯ ತೊಟ್ಟಿ. ಹೊಸ ಜೀವಿಗಳನ್ನು ಬೇರೆಯ ಘಟಕದಿಂದ ಕೆಸರಿನ ರೂಪದಲ್ಲಿ ತಂದು ಹಾಕಿ, ಅವು ಬೆಳೆಯುವವರೆಗೆ ಕಾದು, ಅಷ್ಟು ದಿನವೂ ಟ್ಯಾಂಕರಿಗೆ ಹಣ ಸುರಿದು, ಕೊನೆಗೆ ಲೆಕ್ಕ ಹಾಕಿದಾಗ ಉಳಿಸಿದ್ದು ಅಡಿಕೆಯಷ್ಟು, ಕಳೆದದ್ದು ಆನೆಯಷ್ಟು ಎಂದಾಯಿತು. ಅಡಿಕೆಗೆ ಹೋದ ಮಾನದ ಗಾದೆಯನ್ನು ನಮ್ಮ ಮನೆಯವರು ಆ ಮೂರು ವಾರಗಳಲ್ಲಿ ಎಷ್ಟು ಸಲ ನೆನಪಿಸಿದರೆಂಬುದಕ್ಕೆ ಲೆಕ್ಕವಿಲ್ಲ.

ಪೀಪಾಯಿಯಲ್ಲಿದ್ದುದು ಏನು? ಇದನ್ನು ತಿಳಿಯಲು ನಾವು ಗದಗಿನ ಮಿತ್ರರೊಬ್ಬರಲ್ಲಿಗೆ ಹೋದೆವು. ಅವರು ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಕಬ್ಬಿಣದ ಸಾಮಾನುಗಳಿಗೆ ಸತುವಿನ ಲೇಪ ಕೊಡುವ ಒಂದು ಚಿಕ್ಕ ಕಾರ್ಖಾನೆ ನಡೆಸುತ್ತಾರೆ. ಬೀದಿದೀಪದ ಕಂಬ, ಬೇಲಿಯ ತಂತಿ, ಸೇತುವೆಯ ಕಟಕಟೆ ಇವೆಲ್ಲ ಅವರಲ್ಲಿಗೆ ಕಪ್ಪಗೆ ಬಂದು ಬೆಳ್ಳಗೆ ಹೊರಡುತ್ತವೆ.

‘ನೋಡ್ರಿ ರಾಯರ,’ ಎಂದರು ಅವರು, ‘ಬಣ್ಣ ಹಚ್ಚಲಿ, ಸತು ಹಚ್ಚಲಿ, ಮೊದಲ ಕಬ್ಬಿಣಕ್ಕ ಜಳಕಾ ಮಾಡಸಬೇಕು. ಹೊಲಸ ಮೈಯಾಗ ಹೊಸ ಅಂಗಿ ಹಾಕಿದರ ನಿಲ್ಲತೈತೇನು?’

ಜಳಕವೆಂದರೆ ಆಮ್ಲದ ಜಳಕ. ಕೆಂಪಗೆ ಕಾದ ಉಕ್ಕನ್ನು ಗಿರಣಿಯಲ್ಲಿ ಒತ್ತಿ ತಗಡೋ ಸಲಾಕೆಯೋ ಮಾಡುವಾಗ ಗಾಳಿ ತಗಲಿ ಅದರ ಮೇಲೆ ಕಪ್ಪನೆಯ ಪೊರೆ ಕಟ್ಟುತ್ತದೆ. ಆಮೇಲೆ ತುಕ್ಕು ಬೇರೆ. ಇವೆರಡನ್ನೂ ಉಜ್ಜಿ ತೆಗೆಯುವುದು ಕಷ್ಟ. ಆದುದರಿಂದ ಉಕ್ಕನ್ನು ಆಮ್ಲದ ತೊಟ್ಟಿಯಲ್ಲಿ ಅದ್ದುತ್ತಾರೆ. ಹಿಂದೆ ಇದಕ್ಕೆ ಗಂಧಕಾಮ್ಲವೇ ಹೆಚ್ಚು ಬಳಕೆಯಲ್ಲಿತ್ತು; ಕಳೆದ ಶತಮಾನದ ಅರುವತ್ತರ ದಶಕದಿಂದೀಚೆಗೆ ಹೈಡ್ರೋಕ್ಲೋರಿಕ್ ಆಮ್ಲ ಅದರ ಜಾಗಕ್ಕೆ ಬರತೊಡಗಿತು. ಆಮ್ಲವು ಪೊರೆಯನ್ನು ಕರಗಿಸಿಕೊಂಡು ಬೆಳ್ಳನೆಯ ಲೋಹವನ್ನು ಬಯಲು ಮಾಡುತ್ತದೆ. ಈ ಕೆಲಸಕ್ಕೆ ಕಾರ್ಖಾನೆಗಳಲ್ಲಿ ‘ಪಿಕ್ಲಿಂಗ್’ ಎಂದು ಹೆಸರು. ಮನೆಗೆ ಬಂದು ಈ ಮಾತು ಹೇಳಿದಾಗ ನಮ್ಮ ಮನೆಯವರಿಗೆ ಮಾವಿನ ಮಿಡಿ ನೆನಪಾಯಿತು. ಹುಳಿಯಲ್ಲಿ ಅದ್ದಿಡುವುದು ಎಂಬಷ್ಟರ ಮಟ್ಟಿಗೆ ಅವರ ತಿಳಿವಳಿಕೆ ತಪ್ಪಲ್ಲ.

ಎಷ್ಟೋ ಜಳಕಗಳಾದ ಮೇಲೆ ಆಮ್ಲಕ್ಕೆ ಶಕ್ತಿ ಉಡುಗುತ್ತದೆ. ಆಗ ತೊಟ್ಟಿಯಲ್ಲಿ ಉಳಿಯುವುದು ಹಸುರು ಛಾಯೆಯ ದ್ರವ. ಅದರಲ್ಲಿ ಲೀಟರಿಗೆ ನೂರು ಗ್ರಾಮಿಗೂ ಮಿಕ್ಕಿ ಕಬ್ಬಿಣ ಕರಗಿರುವುದುಂಟು, ಜೊತೆಗೆ ಸಾಯದೆ ಉಳಿದ ಆಮ್ಲ ಬೇರೆ. ತೊಟ್ಟಿ ಬರಿದು ಮಾಡಿ ಹೊಸ ಆಮ್ಲ ತುಂಬಬೇಕು. ಹಳೆಯದು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಗೆ ಮಿತ್ರರು ಕೂಡಲೇ ಉತ್ತರ ಕೊಡಲಿಲ್ಲ. ಚಹ ತರಿಸಿದರು. ಆಮೇಲೆ ಹೇಳಿದರು. ಸರಿಯಾದ ದಾರಿಯೆಂದರೆ ಸುಣ್ಣ ಬೆರೆಸಿ ಹುಳಿ ಮುರಿಯಬೇಕು. ಕಬ್ಬಿಣವೆಲ್ಲ ಕೆಸರಾಗಿ ಕೂಡುತ್ತದೆ. ಆ ಕೆಸರನ್ನು ಹಿಂಡಿ, ಒಣಗಿಸಿ, ಸರ್ಕಾರ ಒಪ್ಪಿದ ಜಾಗಕ್ಕೆ ಲಾರಿಯಲ್ಲಿ ಕಳಿಸಬೇಕು. ಪುಣೆಯ ಕಡೆಯವರಿಗೆ ರಂಜನಗಾಂವ್, ಮುಂಬಯಿಯ ಕಡೆಯವರಿಗೆ ತಳೋಜ. ಸುಣ್ಣಕ್ಕೆ ಖರ್ಚು, ಲಾರಿಗೆ ಖರ್ಚು, ಹೂಳುವುದಕ್ಕೆ ಖರ್ಚು. ಒಂದು ಕೊಡ ಹುಳಿ ನೀರಿಗೆ ಅರ್ಧ ಕೊಡ ಕೆಸರು ಬಂದರೆ ಚಿಕ್ಕ ಕಾರ್ಖಾನೆಯವನ ಗತಿಯೇನು?

‘ರಾತ್ರಿ ಹನ್ನೊಂದಕ್ಕ ಒಬ್ಬಾಂವ ಟ್ಯಾಂಕರ್ ತಗೊಂಡು ಬರ್ತಾನ್ರಿ. ಸುಣ್ಣದ ಖರ್ಚಿನ ನಾಲ್ಕಾಣೆ ಪಾಲು ಕೊಟ್ಟರ ಸಾಕು. ಎಲ್ಲಿಗೆ ಒಯ್ತೀಪಾ ಅಂತ ಕೇಳಬಾರದು.’

‘ನೀವು ಕೊಟ್ಟಿದ್ದೀರಾ?’

‘ಒಂದು ಸರ್ತಿ ಕೊಟ್ಟೀನ್ರಿ. ಸುಳ್ಳ ಯಾಕ ಹೇಳಲಿ.’

ನಾವು ಪೀಪಾಯಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದ್ದೆವು. ಅವರು ಅದನ್ನು ಇನ್ನೊಮ್ಮೆ ನೋಡಿ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟರು. ಇಬ್ಬರಿಗೂ ಒಂದೇ ಯೋಚನೆ ಬಂದಿರಬೇಕು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ ಎಂಬ ಗಾದೆಯನ್ನು ನಮ್ಮ ಅಜ್ಜಿ ಬೇರೆಯ ಸಂದರ್ಭದಲ್ಲಿ ಹೇಳುತ್ತಿದ್ದರು. ಕಾರ್ಖಾನೆಯ ಹೊಲಸಿನ ಮಟ್ಟಿಗೂ ಅದು ನಿಜ. ಗಟಾರಕ್ಕೆ ಬಿಟ್ಟರೆ ನಾಲೆಗೆ, ನಾಲೆಯಿಂದ ಹೊಳೆಗೆ. ಹಾಗಲ್ಲದಿದ್ದರೆ ಪೀಪಾಯಿ ಏರಿ ನಮ್ಮ ಸೊಸಾಯಿಟಿಯ ನೆಲಮಾಳಿಗೆಗೆ.

ಆದರೆ ಇಲ್ಲೊಂದು ವಿಚಿತ್ರವಿದೆ. ಆ ವ್ಯಾಪಾರಿ ಹೇಳಿದ ಮಾತಿನಲ್ಲಿ ಅರ್ಧ ನಿಜವಿತ್ತು. ಕಬ್ಬಿಣದ ಜಳಕದ ನೀರಿಗೂ ಕೊಳೆ ನೀರಿನ ಔಷಧಕ್ಕೂ ನಿಕಟ ಸಂಬಂಧವುಂಟು. ಈ ಸಂಬಂಧವನ್ನು ತಿಳಿಯಲು ನಮ್ಮ ಹಳೆಯ ಮನೆಗಳ ಕಪಾಟನ್ನೇ ತೆರೆಯಬಹುದು.

ಅನ್ನಭೇದಿ ಎಂಬ ಹಸುರು ಹರಳನ್ನು ಹಿರಿಯ ವಾಚಕರು ಬಲ್ಲರು. ಗ್ರಂಧಿಗೆ ಅಂಗಡಿಯಲ್ಲಿ ದೊರೆಯುತ್ತಿತ್ತು. ಅಳಲೆಕಾಯಿಯ ಕಷಾಯಕ್ಕೆ ಚಿಟಿಕೆ ಅನ್ನಭೇದಿ ಹಾಕಿದರೆ ಕಪ್ಪು ಶಾಯಿ. ಬಟ್ಟೆಗೆ ಹಾಕಿದರೆ ಕಪ್ಪು ಬಣ್ಣ. ಬೆಳೆಯ ಎಲೆ ಹಳದಿಯಾದರೆ ರೈತರು ಇದನ್ನೇ ನೀರಿನಲ್ಲಿ ಕರಗಿಸಿ ಸಿಂಪಡಿಸುತ್ತಾರೆ. ಈ ಅನ್ನಭೇದಿ ಬೇರೇನೂ ಅಲ್ಲ, ಗಂಧಕಾಮ್ಲದಲ್ಲಿ ಕರಗಿದ ಕಬ್ಬಿಣ ಹರಳುಗಟ್ಟಿದುದು. ಗಂಧಕಾಮ್ಲದಲ್ಲಿ ಉಕ್ಕಿಗೆ ಜಳಕ ಮಾಡಿಸಿ, ಉಳಿದ ನೀರನ್ನು ತಣ್ಣಗೆ ಮಾಡಿದರೆ ಬರುವುದೂ ಇದೇ ಹರಳು. ಮಕ್ಕಳಿಗೆ ತೋರಿಸಬೇಕೆಂದರೆ ಆಮ್ಲದ ಗೊಡವೆಗೆ ಹೋಗಬೇಡಿ. ಒಂದು ತುಕ್ಕು ಹಿಡಿದ ಮೊಳೆಯನ್ನು ನಿಂಬೆರಸದಲ್ಲಿ ಒಂದು ರಾತ್ರಿ ಬಿಟ್ಟು, ಆ ರಸದ ನಾಲ್ಕು ಹನಿಯನ್ನು ಹಾಲು ಹಾಕದ ಕಡಕ್ ಚಹಕ್ಕೆ ಬಿಡಿ. ಚಹ ಕಪ್ಪಾಗುತ್ತದೆ. ಅದು ಶಾಯಿಯ ತಮ್ಮ. ಕುಡಿಯಬಾರದು, ಅಂಗಿಯ ಮೇಲೆ ಚೆಲ್ಲಲೂ ಬಾರದು. ಎರಡನೆಯದನ್ನು ನಾವು ಅನುಭವದಿಂದ ಹೇಳುತ್ತೇವೆ.

ಇನ್ನು ನೀರು ತಿಳಿಯಾಗುವ ಮಾತು. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರಿಗೆ ಪಟಿಕವನ್ನು ಎರಡು ಸುತ್ತು ತಿರುವಿ ಇಟ್ಟರೆ ಬೆಳಿಗ್ಗೆ ತಿಳಿಯಾಗಿರುತ್ತಿತ್ತು. ಪಟಿಕವಿಲ್ಲದ ಮನೆಯಲ್ಲಿ ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯುತ್ತಿದ್ದರು. ಕೆಸರಿನ ಕಣಗಳು ಬಹಳ ಸಣ್ಣವು. ಒಂದೊಂದರ ಮೈಯ ಮೇಲೂ ಒಂದೇ ಬಗೆಯ ವಿದ್ಯುತ್ತಿನ ಅಂಶವಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಲೇ ಇರುತ್ತವೆ. ಮೂರು ದಿನ ಬಿಟ್ಟರೂ ಕೂಡುವುದಿಲ್ಲ. ಪಟಿಕದ ಅಲ್ಯುಮಿನಿಯಮ್ಮಿಗೆ ಇದಕ್ಕೆ ವಿರುದ್ಧವಾದ ಅಂಶವುಂಟು. ಅದು ಬಂದೊಡನೆ ಕಣಗಳ ಜಗಳ ನಿಲ್ಲುತ್ತದೆ, ಒಂದಕ್ಕೊಂದು ಅಂಟುತ್ತವೆ, ಮೊಸರಿನ ಗಡ್ಡೆಯಂತಾಗಿ ಭಾರಕ್ಕೆ ತಳ ಸೇರುತ್ತವೆ. ಅಲ್ಯುಮಿನಿಯಮ್ ಮಾಡುವ ಈ ಕೆಲಸವನ್ನು ಕಬ್ಬಿಣವೂ ಮಾಡಬಲ್ಲುದು. ಫೆರಿಕ್ ಕ್ಲೋರೈಡನ್ನು ನೀರಿಗೆ ಬಿಟ್ಟರೆ ಕಾವಿ ಬಣ್ಣದ, ಲೋಳೆಯಂಥ ಗಡ್ಡೆಗಳು ಕಟ್ಟಿ, ಬೀಳುವಾಗ ದಾರಿಯಲ್ಲಿ ಸಿಕ್ಕ ಕೊಳೆಯನ್ನೆಲ್ಲ ಬಾಚಿಕೊಂಡು ಇಳಿಯುತ್ತವೆ.

ಕಬ್ಬಿಣಕ್ಕೆ ಇನ್ನೂ ಎರಡು ಗುಣಗಳಿವೆ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದ ಗಂಧಕದ ಅನಿಲವನ್ನು ಅದು ಹಿಡಿದು ಕಪ್ಪು ಪುಡಿಯಾಗಿ ಕೂರಿಸಿಬಿಡುತ್ತದೆ. ಚರಂಡಿಯ ಸಿಮೆಂಟನ್ನು ತಿನ್ನುವ ಆಮ್ಲ ಹುಟ್ಟುವುದೂ ಈ ಅನಿಲದಿಂದಲೇ. ಆದುದರಿಂದ ಎಷ್ಟೋ ನಗರಗಳಲ್ಲಿ ಕಬ್ಬಿಣದ ಲವಣವನ್ನು ಚರಂಡಿಗೇ ಬಿಡುವುದುಂಟು.

ಎರಡನೆಯ ಗುಣ ಹೆಚ್ಚು ಮುಖ್ಯವಾದುದು. ಕಬ್ಬಿಣ ರಂಜಕವನ್ನು ಹಿಡಿಯುತ್ತದೆ. ನಮ್ಮ ಮಲಮೂತ್ರದಲ್ಲಿ ರಂಜಕವಿದೆ, ಬಟ್ಟೆ ಒಗೆಯುವ ಕೆಲವು ಪುಡಿಗಳಲ್ಲಿ ಇದೆ. ಗಿಡಕ್ಕೆ ಅದು ಆಹಾರ. ಕೆರೆಗೆ ಹೋದರೆ ಪಾಚಿಗೂ ಜೊಂಡಿಗೂ ಹಬ್ಬದೂಟ. ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಪ್ರಾಣವಾಯುವೆಲ್ಲ ಮುಗಿದು ಮೀನು ಸಾಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿದ ಸುದ್ದಿಯನ್ನು ನಾವೆಲ್ಲ ದೂರದಲ್ಲಿ ಕುಳಿತು ಓದಿ ನಿಟ್ಟುಸಿರು ಬಿಟ್ಟಿದ್ದೆವು. ಊರಿನ ಬಚ್ಚಲ ನೀರು ಸರಿಯಾಗಿ ತೊಳೆಸಿಕೊಳ್ಳದೆ ಕೆರೆ ಸೇರಿದ್ದರ ಫಲ ಅದು. ಒಂದು ಕಿಲೋ ರಂಜಕವನ್ನು ಹಿಡಿದು ಕೂರಿಸಲು ಲೆಕ್ಕಪ್ರಕಾರ 1.8 ಕಿಲೋ ಕಬ್ಬಿಣ ಬೇಕು. ವ್ಯವಹಾರದಲ್ಲಿ ಅದಕ್ಕಿಂತ ಹೆಚ್ಚೇ ಹಾಕಬೇಕಾಗುತ್ತದೆ. ಇಷ್ಟು ಕಬ್ಬಿಣವನ್ನು ಹೊಸದಾಗಿ ಕೊಂಡು ನೀರಿಗೆ ಸುರಿಯುವುದೆಂದರೆ ನಗರಸಭೆಗಳ ಎದೆ ಒಡೆಯುತ್ತದೆ.

ಹೀಗೆ ಎದೆ ಒಡೆದುಕೊಳ್ಳದೆ ಉಪಾಯ ಹುಡುಕಿದ ಊರೊಂದುಂಟು. ಅಮೆರಿಕದ ಮಿಲ್ವಾಕಿ ನಗರ ಮಿಷಿಗನ್ ಎಂಬ ಮಹಾಸರೋವರದ ದಂಡೆಯಲ್ಲಿದೆ. ಅರುವತ್ತರ ದಶಕದಲ್ಲಿ ಅಲ್ಲಿಯ ಮಹಾಸರೋವರಗಳಲ್ಲಿ ಪಾಚಿ ಹೆಚ್ಚಿ, ಈರೀ ಸರೋವರವಂತೂ ಸತ್ತೇಹೋಯಿತೆಂದು ಪತ್ರಿಕೆಗಳು ಬರೆದವು. ರಂಜಕವನ್ನು ತಡೆಯಬೇಕೆಂಬ ಒತ್ತಾಯ ಹೆಚ್ಚಿತು; 1972ರಲ್ಲಿ ಅಮೆರಿಕವೂ ಕೆನಡವೂ ಕೂಡಿ ಮಹಾಸರೋವರಗಳ ನೀರಿನ ಬಗ್ಗೆ ಒಪ್ಪಂದವನ್ನೇ ಮಾಡಿಕೊಂಡವು. ಮಿಲ್ವಾಕಿಯೋ ಲೋಹದ ಕೆಲಸದ ಊರು, ಜಳಕದ ಹುಳಿ ನೀರಿಗೆ ಬರವಿಲ್ಲ. ಅದನ್ನು ಜೋನ್ಸ್ ಐಲೆಂಡಿನ ಶುದ್ಧೀಕರಣ ಘಟಕಕ್ಕೆ ತಂದು, ಗಾಳಿ ಊದುವ ತೊಟ್ಟಿಗೇ ಬಿಟ್ಟು ನೋಡಿದರು. ಅದು ನಮ್ಮ ನೆಲಮಾಳಿಗೆಯ ಆಟಿಕೆಯಲ್ಲ. ಪರೀಕ್ಷೆ ನಡೆದ ಭಾಗವೇ ದಿನಕ್ಕೆ 43 ಕೋಟಿ ಲೀಟರಿಗೂ ಹೆಚ್ಚು ನೀರು ತೊಳೆಯುವಂಥದು. ಊದುವ ಗಾಳಿಯೇ ಹಸುರು ಕಬ್ಬಿಣವನ್ನು ಕೆಂಪು ಕಬ್ಬಿಣವಾಗಿ ಮಾಡಿತು, ಕೆಂಪು ಕಬ್ಬಿಣ ರಂಜಕವನ್ನು ಹಿಡಿಯಿತು. 1971ರಲ್ಲಿ ಈ ಪ್ರಯೋಗದ ವರದಿ ಅಚ್ಚಾಯಿತು.

ಆ ಊರಿನವರ ಜಾಣತನಕ್ಕೆ ಇನ್ನೊಂದು ಸಾಕ್ಷಿ. ಘಟಕದಲ್ಲಿ ಕೊಬ್ಬಿದ ಜೀವಿಗಳ ಕೆಸರನ್ನು ಒಣಗಿಸಿ ‘ಮಿಲಾರ್ಗನೈಟ್’ ಎಂಬ ಹೆಸರಿನಲ್ಲಿ 1926ರಿಂದಲೇ ಗೊಬ್ಬರವಾಗಿ ಮಾರುತ್ತಿದ್ದಾರೆ. ಔಷಧವಾಗಿ ಹಾಕಿದ ಕಬ್ಬಿಣ ಈ ಗೊಬ್ಬರದಲ್ಲಿಯೂ ಉಳಿದು ಹುಲ್ಲಿಗೆ ಹಸುರು ಕೊಡುತ್ತದೆ. ಉಕ್ಕಿನ ಮೈಕೊಳೆ ಕೊನೆಗೆ ಶ್ರೀಮಂತರ ಗಾಲ್ಫ್ ಮೈದಾನದಲ್ಲಿ ಚಿಗುರಿತು ನೋಡಿ.

ನಮ್ಮವರಿಗೆ ಇಂಥ ಬುದ್ಧಿ ಹೊಳೆದಿಲ್ಲವೆಂದು ಯಾರೂ ತಿಳಿಯಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಅಸ್ತಿಭಾರ ಬಿದ್ದಾಗ ಇಟ್ಟ ಹೆಸರಿನಲ್ಲಿಯೇ ‘ವುಡ್ ಡಿಸ್ಟಿಲೇಷನ್’ ಎಂಬ ಮಾತಿತ್ತು. ಕುಲುಮೆಗೆ ಬೇಕಾದ ಇದ್ದಿಲನ್ನು ಕಾಡಿನ ಮರದಿಂದ ಸುಟ್ಟು ಮಾಡುವಾಗ ಏಳುವ ಹೊಗೆಯನ್ನು ಆಕಾಶಕ್ಕೆ ಬಿಡದೆ, ತಣಿಸಿ, ಅದರಿಂದ ಡಾಂಬರು, ಮಿಥೈಲ್ ಆಲ್ಕೊಹಾಲು ಮೊದಲಾದುವನ್ನು ತೆಗೆಯುವುದು ಆ ಯೋಜನೆಯ ಭಾಗವಾಗಿತ್ತು. ಕಸದಿಂದ ರಸ ಎಂಬ ಮಾತನ್ನು ಈಗ ಸಭೆಗಳಲ್ಲಿ ಧಾರಾಳವಾಗಿ ಕೇಳುತ್ತೇವೆ. ಭದ್ರಾವತಿಯಲ್ಲಿ ಹೊಗೆಯಿಂದ ರಸ ಹಿಂಡಿ ನೂರು ವರ್ಷವಾಯಿತು.

ಹಾಗಾದರೆ ಮಿಲ್ವಾಕಿಯಲ್ಲಿ ಅಮೃತವಾದದ್ದು ನಮ್ಮ ಸೊಸಾಯಿಟಿಯಲ್ಲಿ ವಿಷವಾದದ್ದು ಹೇಗೆ?

ಮಿತ್ರರು ನಮ್ಮನ್ನು ತೊಟ್ಟಿಗಳ ಬಳಿಗೆ ಕರೆದುಕೊಂಡು ಹೋದರು. ಕಣ್ಣು ಉರಿಯಿತು. ಸುಮಾರು 450 ಡಿಗ್ರಿ ಶಾಖದಲ್ಲಿ ಕರಗಿದ ಸತುವಿನ ಹೊಂಡ ಒಂದು ತುದಿಯಲ್ಲಿ, ಜಳಕದ ತೊಟ್ಟಿಗಳು ಇನ್ನೊಂದು ತುದಿಯಲ್ಲಿ. ಲೇಪ ಕೆಟ್ಟ ಸಾಮಾನುಗಳನ್ನು ಮತ್ತೆ ಆಮ್ಲದಲ್ಲಿ ಅದ್ದಿ ಹಳೆಯ ಸತುವನ್ನು ಬಿಡಿಸುತ್ತಾರೆ. ಸಾಮಾನು ತೂಗುಹಾಕುವ ಕೊಕ್ಕೆಗಳ ಮೇಲೆಯೂ ಸತುವು ಮೆತ್ತಿರುತ್ತದೆ. ಎಲ್ಲವನ್ನೂ ಒಂದೇ ತೊಟ್ಟಿಯಲ್ಲಿ ಅದ್ದಿದರೆ ಆ ನೀರಿನಲ್ಲಿ ಕಬ್ಬಿಣದ ಜೊತೆಗೆ ಸತುವೂ ಸೇರುತ್ತದೆ. ತುಸು ಹೆಚ್ಚಾದರೂ ಸತುವು ಘಟಕದ ಜೀವಿಗಳಿಗೆ ವಿಷ. ತುಕ್ಕು ಹಿಡಿಯದ ಉಕ್ಕಿನ, ಅಂದರೆ ನಮ್ಮ ಅಡಿಗೆಮನೆಯ ಸ್ಟೀಲಿನ, ಜಳಕದ ನೀರಾದರೆ ಇನ್ನೂ ಕೆಟ್ಟದ್ದು. ಅದರಲ್ಲಿ ಕ್ರೋಮಿಯಮ್ಮು, ನಿಕ್ಕಲ್ಲು. ಇವು ಕೊಳೆ ನೀರಿನಿಂದ ಕೆಸರಿಗೆ, ಕೆಸರಿನಿಂದ ಗಿಡದ ಬುಡಕ್ಕೆ ಹೋಗುತ್ತವೆ. ಮೇಲಾಗಿ ಉಳಿಕೆ ಆಮ್ಲ. ಅದನ್ನು ಮುರಿಯದೆ ಸುರಿದರೆ ನೀರೆಲ್ಲ ಹುಳಿಯಾಗಿ ಜೀವಿಗಳಿಗೆ ಉಸಿರೇ ಇಲ್ಲ. ನಮ್ಮ ದಾಸವಾಳದ ಎಲೆ ಸುಟ್ಟ ಗುಟ್ಟೂ ಇಲ್ಲಿಯೇ ಇರಬೇಕು.

ಸರಿಯಾಗಿ ಮಾಡುವವರು ಹೀಗೆ ಮಾಡುತ್ತಾರೆ. ಕಬ್ಬಿಣವಷ್ಟೇ ಮಿಂದ ನೀರನ್ನು ಬೇರೆ ಇಡುತ್ತಾರೆ, ಸತುವಿನದನ್ನು ಬೇರೆ. ಮೊದಲನೆಯದಕ್ಕೆ ಚೂರುಪಾರು ಕಬ್ಬಿಣ ಹಾಕಿ ಉಳಿಕೆ ಆಮ್ಲಕ್ಕೂ ಕೆಲಸ ಕೊಟ್ಟು ಮುಗಿಸುತ್ತಾರೆ. ಸೋಸುತ್ತಾರೆ. ಆಮೇಲೆ ಕ್ಲೋರಿನ್ ಅನಿಲವನ್ನು ಹಾಯಿಸಿದರೆ ಹಸುರು ದ್ರವ ಕೆಂಗಂದಾಗಿ ತಿರುಗಿ ಫೆರಿಕ್ ಕ್ಲೋರೈಡ್ ಆಗುತ್ತದೆ. ನೂರಕ್ಕೆ ನಲವತ್ತರ ಸುಮಾರು ಗಟ್ಟಿಗೆ ತಂದು ಮಾರುತ್ತಾರೆ. ಇಂಜಿನಿಯರಿಂಗ್ ಓದುವ ಮಕ್ಕಳು ತಾಮ್ರದ ಹಲಗೆಯ ಮೇಲೆ ವಿದ್ಯುತ್ ದಾರಿ ಕೊರೆಯಲು ಬಳಸುವುದೂ ಇದೇ ದ್ರಾವಣ. ಮಾರುವ ಮುಂಚೆ ಪ್ರತಿ ತೊಟ್ಟಿಯನ್ನೂ ಪರೀಕ್ಷಿಸಿ ಕಬ್ಬಿಣವೆಷ್ಟು, ಹುಳಿಯೆಷ್ಟು, ಸತುವು ಸೀಸ ಕ್ರೋಮಿಯಮ್ ಎಷ್ಟು ಎಂದು ಬರೆದು ಕೊಡಬೇಕು. ಕುಡಿಯುವ ನೀರಿಗಾದರೆ ಈ ಪರೀಕ್ಷೆ ಬಹು ಬಿಗಿ. ಜಳಕದ ನೀರಿನ ಮಾಲು ಸಾಮಾನ್ಯವಾಗಿ ಕೊಳೆ ನೀರಿಗೇ ಸರಿ ಎಂಬುದು ನಮ್ಮ ಅಭಿಪ್ರಾಯ.

ದೊಡ್ಡ ತಗಡಿನ ಗಿರಣಿಗಳ ಕಥೆ ಬೇರೆ. ಅವರಿಗೆ ಈ ವ್ಯಾಪಾರದ ಗರಜು ಕಡಿಮೆ. ಹಳೆಯ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಾದ ಗೋಪುರದಲ್ಲಿ ತುಂತುರಾಗಿ ಸಿಂಪಡಿಸಿ, ಆಮ್ಲವನ್ನು ಮರಳಿ ಪಡೆದು, ಉಳಿದ ಕೆಂಪು ಪುಡಿಯನ್ನು ಬಣ್ಣಕ್ಕೂ ಅಯಸ್ಕಾಂತ ಮಾಡುವವರಿಗೂ ಮಾರುತ್ತಾರೆ. ಅಂಥ ಗೋಪುರ ಕಟ್ಟುವ ಶಕ್ತಿ ನಮ್ಮ ಗದಗಿನ ಮಿತ್ರರಿಗಿಲ್ಲ. ತೊಂದರೆಯಿರುವುದು ಅವರಂಥ ನೂರಾರು ಚಿಕ್ಕವರಲ್ಲಿ, ರಾತ್ರಿಯ ಟ್ಯಾಂಕರು ಬರುವುದೂ ಅವರ ಬಾಗಿಲಿಗೇ.

ಕಾನೂನು ಇದೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಲ್ಲಿ ಒಂಬತ್ತನೆಯದು ಈ ವಿಷಯಕ್ಕೇ ಮೀಸಲು. ಒಬ್ಬರ ತ್ಯಾಜ್ಯವನ್ನು ಇನ್ನೊಬ್ಬರು ಕಚ್ಚಾಮಾಲಾಗಿ ಬಳಸಬಹುದು, ಆದರೆ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಅಪ್ಪಣೆ ಬೇಕು, ಕೇಂದ್ರ ಮಂಡಳಿ ಹೇಳಿದ ಕ್ರಮದಲ್ಲಿಯೇ ನಡೆಯಬೇಕು. ಸಾಗಿಸುವ ಗಾಡಿಯ ಜೊತೆಗೆ ಎಲ್ಲಿಂದ ಎಲ್ಲಿಗೆ ಏನು ಹೋಗುತ್ತಿದೆ ಎಂಬ ಕಾಗದ ಇರಬೇಕು. ನಮ್ಮ ವ್ಯಾಪಾರಿಯಲ್ಲಿ ಇವೊಂದೂ ಇರಲಿಲ್ಲ. ನಾವು ಕೇಳಲೂ ಇಲ್ಲ. ತರಕಾರಿಯವನಲ್ಲಿ ಬದನೆಕಾಯಿಯ ಹುಳುಕು ಹುಡುಕುವ ನಾವು, ಇನ್ನೂರು ಮನೆಯ ನೀರಿಗೆ ಹಾಕುವ ಔಷಧದ ಹೆಸರು ಕೂಡ ಓದಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಸರಿಯಾದ ಫೆರಿಕ್ ಕ್ಲೋರೈಡಿಗೂ ದೋಷವಿದೆ. ಹಾಕಿದಷ್ಟೂ ಕೆಸರು ಹೆಚ್ಚುತ್ತದೆ. ಕಬ್ಬಿಣ ತಳಕ್ಕೆ ಹೋದರೂ ಅದರ ಜೊತೆಗಿದ್ದ ಕ್ಲೋರೈಡು ಉಪ್ಪಾಗಿ ನೀರಿನಲ್ಲಿಯೇ ಉಳಿಯುತ್ತದೆ. ಅದೇ ನೀರನ್ನು ಮತ್ತೆ ಮತ್ತೆ ಸುತ್ತಿಸಿದರೆ ತೋಟದ ಮಣ್ಣು ಉಪ್ಪಾದೀತು. ಹದವರಿತು ಹಾಕಬೇಕು. ತೊಟ್ಟಿಯ ಗೋಡೆ ಕಾವಿ ಬಣ್ಣವಾಗುವುದಂತೂ ತಪ್ಪಿದ್ದಲ್ಲ. ಶೌಚಾಲಯದ ಬಿಳಿ ಪಿಂಗಾಣಿಯ ಮೇಲೆ ಕೆಂಪು ಗೆರೆ ಬಂದಿತೆಂದು ಮೂರನೆಯ ಮಹಡಿಯ ಮಾಮಿಯವರು ಈಗಾಗಲೇ ದೂರು ಕೊಟ್ಟಿದ್ದಾರೆ.

ಈ ನಾಲ್ಕು ತಿಂಗಳಲ್ಲಿ ಮಿತ್ರರು ಒಂದು ಕೆಲಸ ಮಾಡಿದ್ದಾರೆ. ಸತು ಬಿಡಿಸುವುದಕ್ಕೆ ಬೇರೆ ತೊಟ್ಟಿ ಕಟ್ಟಿಸಿದ್ದಾರೆ. ಕಬ್ಬಿಣದ ಜಳಕದ ನೀರನ್ನು, ಅಪ್ಪಣೆ ಪಡೆದ ಒಬ್ಬ ಔಷಧ ತಯಾರಕರು ಕಾಗದಸಮೇತ ಬಂದು ಒಯ್ಯುತ್ತಾರೆ. ಹಣವೇನೂ ಬರುವುದಿಲ್ಲ, ಆದರೆ ಅದರ ಮಟ್ಟಿಗೆ ಸುಣ್ಣದ ಖರ್ಚು ತಪ್ಪಿತು. ಸತುವಿನ ತೊಟ್ಟಿಯ ನೀರಿಗೆ ಈಗಲೂ ಸುಣ್ಣವೇ, ರಂಜನಗಾಂವದ ದಾರಿಯೇ. ‘ಅರ್ಧ ಹಾದಿ ಬಂದೀನ್ರಿ ರಾಯರ, ಪೂರಾ ಅಲ್ಲ’ ಎಂದು ಅವರೇ ಹೇಳುತ್ತಾರೆ. ಅವರ ನೀರಿನಿಂದಾದ ಔಷಧವೇ ನಮ್ಮ ಘಟಕಕ್ಕೆ ಬರುತ್ತದೆಯೋ ಬೇರೆಯವರದೋ, ಹೇಳಲಾರೆವು. ಬರುವ ಪೀಪಾಯಿಯ ಮೇಲೆ ಚೀಟಿಯಿದೆ, ಜೊತೆಗೆ ಪರೀಕ್ಷೆಯ ಪಟ್ಟಿಯಿದೆ, ಅದನ್ನು ಘಟಕದ ಹುಡುಗನೂ ನಾವೂ ಕೂಡಿಯೇ ಓದುತ್ತೇವೆ. ಬೆಲೆ ಹಳೆಯದಕ್ಕಿಂತ ತುಸು ಕಡಿಮೆ, ಅರ್ಧವಂತೂ ಅಲ್ಲ.

ಹಳೆಯ ಆರರಲ್ಲಿ ತೆರೆಯದೆ ಉಳಿದ ಮೂರು ಪೀಪಾಯಿಗಳು ಇನ್ನೂ ಪಂಪ್ ಮನೆಯ ಹಿಂದೆ ನಿಂತಿವೆ. ಮಕ್ಕಳು ಆಡುವ ಜಾಗವಾದುದರಿಂದ ಸುತ್ತಲೂ ಹಗ್ಗ ಕಟ್ಟಿ, ‘ಹಾತ್ ಲಾವೂ ನಕಾ’ ಎಂದು ಮರಾಠಿಯಲ್ಲಿ ಬರೆಸಿದ್ದೇವೆ. ವ್ಯಾಪಾರಿಯ ಫೋನು ಹತ್ತುವುದಿಲ್ಲ. ಅವನ್ನು ಕ್ರಮವಾಗಿ ಕಳಿಸುವ ಖರ್ಚಿನ ಅಂದಾಜು ಬಂದಿದೆ. ಕೊಂಡ ಬೆಲೆಗಿಂತ ಹೆಚ್ಚು. ರಾತ್ರಿ ಬರುವ ಒಬ್ಬನ ಗುರುತಿದೆಯೆಂದು ಸಮಿತಿಯಲ್ಲಿ ಒಬ್ಬರು ಮೆಲ್ಲನೆ ಹೇಳಿದರು. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಖರ್ಚಿನ ಕಾಗದಕ್ಕೆ ಈ ಸಲವೂ ಮೂರು ಸಹಿ ಬೇಕು.